ತುಮಕೂರಲ್ಲಿ ನಂಬ್ಕೊಂಡು ಗಾಡಿ ಬಿಡೋಕೆ ಒಂದು ಗ್ಯಾರೇಜ್ ಹೇಳಿ

ಬಟವಾಡಿ_ನಿವಾಸಿ

ಎಲ್ರಿಗೂ ನಮಸ್ಕಾರ. ನಂದು 2014ರ ವ್ಯಾಗನ್ ಆರ್, ಪೆಟ್ರೋಲ್, 86 ಸಾವಿರ ಕಿಲೋಮೀಟರ್ ಓಡಿದೆ. ಇಷ್ಟು ವರ್ಷ ಬೆಂಗಳೂರಲ್ಲಿದ್ದೆ, ಗಾಡಿನ ಕಂಪನಿ ಸರ್ವೀಸಿಗೇ ಬಿಡ್ತಿದ್ದೆ. ಊರಿಗೆ ವಾಪಸ್ ಬಂದು ಒಂದು ವರ್ಷ ಆಯ್ತು.

ಹೋದ ತಿಂಗಳು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಟೌನ್‌ಹಾಲ್ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿದ್ದಾಗ ಮೀಟರಲ್ಲಿ ಕೆಂಪು ದೀಪ ಹತ್ಕೊಳ್ತು, ಬಾನೆಟ್ ಸಂದಿಯಿಂದ ಆವಿ ಬರೋಕೆ ಶುರುವಾಯ್ತು. ಗಾಡಿ ಪಕ್ಕಕ್ಕೆ ತಳ್ಳಿ, ಅಮ್ಮನ್ನ ಆಟೋ ಹತ್ತಿಸಿ, ಅಲ್ಲೇ ಯಾರೋ ತೋರಿಸಿದ ಗ್ಯಾರೇಜಿಗೆ ಎಳೆಸ್ಕೊಂಡು ಹೋದೆ. ಮೇಸ್ತ್ರಿ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದ್ದೇ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸ್ಬೇಕು" ಅಂದ್ರು. ಇಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಅಂತಾರಂತೆ, ಅದಕ್ಕೂ ಕೆಳಭಾಗಕ್ಕೂ ಮಧ್ಯೆ ಕೂರೋ ತಗಡು ಈ ಗ್ಯಾಸ್ಕೆಟ್. ಅವತ್ತು ನಂಗೇನು ಗೊತ್ತು? ಸರಿ ಅಂದೆ. ಮೂರು ದಿನ ಅಂದಿದ್ದು ಎಂಟು ದಿನ ಹಿಡೀತು. 16,800 ರೂಪಾಯಿ ಆಯ್ತು. ಬಿಲ್ ಕೊಡಿ ಅಂದ್ರೆ ಬಿಳಿ ಚೀಟಿ ಬರೆದುಕೊಟ್ರು. ಹೆಡ್ ಕೆಲಸ, ಸಾಮಾನು, ಲೇಬರ್, ಮೂರೇ ಸಾಲು.

ಇಪ್ಪತ್ತು ದಿನಕ್ಕೆ ಶಿರಾಗೇಟ್ ಹತ್ರ ಟ್ರಾಫಿಕ್ಕಲ್ಲಿ ಮತ್ತೆ ಅದೇ ಕೆಂಪು ದೀಪ. ತಕ್ಷಣ ಆಫ್ ಮಾಡಿದೆ. ಅಲ್ಲೊಂದು ಚಿಕ್ಕ ಆಟೋ ಎಲೆಕ್ಟ್ರಿಕಲ್ ಅಂಗಡಿ, ಅಲ್ಲಿಂದ ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗ ಬಂದ. ಗಾಡಿ ಆರೋವರೆಗೂ ಕಾದು, ಸ್ಟಾರ್ಟ್ ಮಾಡಿ ಎಸಿ ಹಾಕಿ ಅಂದ. ರೇಡಿಯೇಟರ್ ಫ್ಯಾನ್ ತಿರುಗ್ಲೇ ಇಲ್ಲ. ಬಾನೆಟ್ ಒಳಗಿನ ಫ್ಯೂಸ್ ಡಬ್ಬಿ ಬಿಚ್ಚಿ ಒಂದು ಕರಿ ರಿಲೇ, ಅಂದ್ರೆ ಫ್ಯಾನಿಗೆ ಕರೆಂಟ್ ಬಿಡೋ ಸ್ವಿಚ್ಚು, ಕಿತ್ತ, ಪಕ್ಕದಲ್ಲಿದ್ದ ಅಂಥದ್ದೇ ಇನ್ನೊಂದನ್ನ ಆ ಜಾಗದಲ್ಲಿ ಕೂರಿಸಿದ. ಫ್ಯಾನ್ ಗರ್ ಅಂತ ತಿರುಗ್ತು. ಕಿತ್ತ ರಿಲೇ ನನ್ನ ಅಂಗೈಲಿ ಇಟ್ಟ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು, ನಾಲ್ಕು ಕಾಲಲ್ಲಿ ಒಂದು ಕರಕಲಾಗಿತ್ತು. ಹೊಸದು 280, ಅವನ ಕೈಗೆ 100, ಒಟ್ಟು 380.

ಹೊಟ್ಟೆ ಉರೀತಿದೆ. 16,800 ದಂಡ ಆಯ್ತು ಅನ್ನೋದು ಒಂದು ಕಡೆ, ಇನ್ಮೇಲೆ ಯಾರನ್ನ ನಂಬೋದು ಅನ್ನೋದು ಇನ್ನೊಂದು ಕಡೆ. ನಮ್ಮೂರಲ್ಲಿ ನಿಯತ್ತಾಗಿ ಕೆಲಸ ಮಾಡೋ ಗ್ಯಾರೇಜ್ ಇದ್ರೆ ಹೇಳಿ. ಹೇಗೆ ಗುರುತು ಹಿಡೀಬೇಕು ಅಂತ ಹೇಳಿದ್ರೂ ಉಪಕಾರ ಆಗುತ್ತೆ.

ಕಲ್ಪತರು_06

ಟೋಪಿ ಹಾಕಿದ್ದಾರೆ ಬಿಡಿ ಸಾರ್. 380ರ ಕೆಲಸಕ್ಕೆ 16,800. ಹೆಸರು ಹಾಕಿ, ಬೇರೆಯವರಾದ್ರೂ ಉಳ್ಕೊಳ್ಲಿ.

ನಿರ್ವಾಹಕರು

ದಯವಿಟ್ಟು ದೂರು ಹೇಳುವಾಗ ಅಂಗಡಿ ಹೆಸರು, ಫೋನ್ ನಂಬರ್ ಹಾಕಬೇಡಿ. ಅವರ ಕಡೆ ಮಾತು ಇಲ್ಲಿ ಯಾರೂ ಕೇಳಿಲ್ಲ. ಒಳ್ಳೇ ಗ್ಯಾರೇಜ್ ಹೇಳೋದಿದ್ರೆ ಖಾಸಗಿ ಸಂದೇಶದಲ್ಲಿ ಕಳಿಸಿ.

ಶಿರಾಗೇಟ್_ಹುಡುಗ

ಆ ಎಲೆಕ್ಟ್ರಿಕಲ್ ಹುಡುಗ ನಂಗೆ ಗೊತ್ತು, ಬಂಗಾರದಂಥವನು. ನಮ್ಮಪ್ಪನ ಟಾಟಾ ಏಸ್ ಸೆಲ್ಫ್ ಮೋಟಾರ್ ಹೊಸದು ಹಾಕ್ಬೇಕು ಅಂತ ಬೇರೆ ಕಡೆ ಅಂದಿದ್ರು. ಇವನು ಬ್ಯಾಟರಿ ಟರ್ಮಿನಲ್ ಬಿಚ್ಚಿ, ಬಿಳಿ ಪುಡಿ ಕಟ್ಟಿದ್ದನ್ನ ಬಿಸಿನೀರಲ್ಲಿ ತೊಳೆದು, ಬಿಗಿ ಮಾಡಿ ಕಳಿಸಿದ. 50 ರೂಪಾಯಿ ಇಸ್ಕೊಂಡ.

ಸ್ಪ್ಯಾನರ್_ಹಿಡಿದವನು

ಅಣ್ಣ, ನಾನೂ ಗ್ಯಾರೇಜ್ ಇಟ್ಟವನೇ. ಅಂತರಸನಹಳ್ಳಿ ಕಡೆ, ಹದಿನೇಳು ವರ್ಷ ಆಯ್ತು. ನಿಮ್ಮ ಗಾಡಿ ಬಂದಿದ್ದು ನನ್ನ ಹತ್ರ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ನಿಮ್ಮ ನೋವು ಅರ್ಥ ಆಗುತ್ತೆ, ಆದ್ರೆ ಎಲ್ರೂ "ಮೋಸ, ಮೋಸ" ಅನ್ನೋ ಮುಂಚೆ ಒಂದ್ಮಾತು ಕೇಳಿ.

ಫ್ಯಾನ್ ತಿರುಗದೆ ಇಂಜಿನ್ ಅಷ್ಟು ಕಾದು ಆವಿ ಬಂದಿದೆ ಅಂದ್ರೆ ಹೆಡ್ ಗ್ಯಾಸ್ಕೆಟ್ ನಿಜವಾಗ್ಲೂ ಹೋಗಿದ್ದಿರಬಹುದು. ಹೆಡ್ ಅಲ್ಯೂಮಿನಿಯಂದು, ಅತಿಯಾಗಿ ಕಾದ್ರೆ ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಹಿಡಿತ ಬಿಡುತ್ತೆ. ಹಾಗಾಗಿ ಅವ್ರು ಗ್ಯಾಸ್ಕೆಟ್ ಹಾಕಿದ್ದು ಸುಳ್ಳು ಅಂತ ಈಗಲೇ ಹೇಳೋಕಾಗಲ್ಲ. ತಪ್ಪು ಬೇರೆ ಕಡೆ ಇದೆ. ಗ್ಯಾಸ್ಕೆಟ್ ಯಾಕೆ ಹೋಯ್ತು ಅಂತ ನೋಡದೆ ಬಾನೆಟ್ ಮುಚ್ಚಿದ್ರು. ಹೆಡ್ ಕಟ್ಟಿದ ಮೇಲೆ ಗಾಡಿನ ಅರ್ಧ ಗಂಟೆ ನಿಂತಲ್ಲೇ ಓಡಿಸಿ, ಫ್ಯಾನ್ ಹತ್ತುತ್ತಾ, ಆಫ್ ಆಗುತ್ತಾ ಅಂತ ನೋಡಿ ಕೊಡ್ಬೇಕು. ನಮ್ಮ ಗುರುಗಳು ಫ್ಯಾನ್ ಎರಡು ಸಲ ಹತ್ತಿ ಆರೋವರೆಗೂ ಗಾಡಿ ಕೀ ಕೊಡೋಕೆ ಬಿಡ್ತಿರಲಿಲ್ಲ.

ಹೋಗಿರೋದು ಹೆಡ್ ಗ್ಯಾಸ್ಕೆಟ್ಟೇನಾ ಅಂತ ಹೆಡ್ ಇಳಿಸದೇನೂ ಅಂದಾಜು ಮಾಡಬಹುದು. ಎಲ್ಲೂ ಸೋರದೆ ಕೂಲೆಂಟ್ (ಇಂಜಿನ್ ತಣ್ಣಗಿಡೋ ನೀರು) ಕಮ್ಮಿ ಆಗ್ತಿರುತ್ತೆ. ಸೈಲೆನ್ಸರಲ್ಲಿ ಬಿಳಿ ಹೊಗೆ ಬರ್ತಿದ್ದು, ಗಾಡಿ ಬಿಸಿಯಾದ ಮೇಲೂ ನಿಲ್ಲಲ್ಲ. ಆಯಿಲ್ ಹಾಕೋ ಮುಚ್ಚಳದ ಅಡಿ ಹಾಲು ಕಾಫಿ ಬಣ್ಣದ ಜಿಡ್ಡು ಕೂತಿರುತ್ತೆ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದ್ರೆ ನೀರಲ್ಲಿ ಗುಳ್ಳೆ ಒಂದೇ ಸಮ ಏಳುತ್ತೆ. ಇದ್ರಲ್ಲಿ ಒಂದನ್ನಾದ್ರೂ ನಿಮಗೆ ತೋರಿಸಿದ್ರಾ?

ಬಟವಾಡಿ_ನಿವಾಸಿ

ಏನೂ ತೋರಿಸಲಿಲ್ಲ ಅಣ್ಣ. ಹಳೇ ಗ್ಯಾಸ್ಕೆಟ್ಟೂ ಕೊಡಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪೇ.

ಕ್ಯಾತ್ಸಂದ್ರ_ಅಕ್ಕ

ಎಲ್ಲಕ್ಕಿಂತ ಮೊದ್ಲು, ಕಾದಿರೋ ಗಾಡಿ ರೇಡಿಯೇಟರ್ ಮುಚ್ಚಳಕ್ಕೆ ಯಾರೂ ಕೈ ಹಾಕ್ಬೇಡಿ. ನಮ್ಮ ಮಾವ ಹಂಗೆ ತೆಗೆಯೋಕೆ ಹೋಗಿ ಮೊಣಕೈವರೆಗೂ ಬೊಬ್ಬೆ ಬಂದಿತ್ತು. ಒಳಗೆ ಒತ್ತಡದಲ್ಲಿರುತ್ತೆ, ತಿರುಗಿಸಿದ ತಕ್ಷಣ ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ. ಕಮ್ಮಿ ಅಂದ್ರೂ ಅರ್ಧ ಮುಕ್ಕಾಲು ಗಂಟೆ ಬಿಡಿ.

ಇನ್ನು ಗ್ಯಾರೇಜ್ ವಿಷಯ. ಹೆಂಗಸರು ಗಾಡಿ ತಗೊಂಡು ಹೋದ್ರೆ ಹೇಗೆ ಮಾತಾಡಿಸ್ತಾರೆ ಅಂತ ಇಲ್ಲಿ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಬ್ರೇಕ್ ಹಾಕಿದ್ರೆ ಕಿರ್ ಅಂತಿತ್ತು. ಒಂದು ಕಡೆ ಹೋದೆ. ನಾನು ಹೇಳೋದು ಕೇಳ್ತಾ ಕೇಳ್ತಾನೇ "ಮೇಡಂ, ಸಾರ್ ನಂಬರ್ ಕೊಡಿ, ಅವರ ಹತ್ರ ಮಾತಾಡ್ತೀನಿ" ಅಂದ್ರು. ಗಾಡಿ ನಂದು, ಓಡಿಸೋಳು ನಾನು, ದುಡ್ಡು ಕೊಡೋಳೂ ನಾನೇ. ಆಮೇಲೆ ಎರಡೂ ಡಿಸ್ಕ್, ಪ್ಯಾಡ್, ಕ್ಯಾಲಿಪರ್ ಕಿಟ್ ಎಲ್ಲಾ ಬದಲಾಯಿಸ್ಬೇಕು, ಒಂಬತ್ತು ಸಾವಿರ ಅಂದ್ರು. ಗಾಡಿ ವಾಪಸ್ ತಗೊಂಡೆ. ಗುಬ್ಬಿ ಗೇಟ್ ಕಡೆ ಇನ್ನೊಬ್ಬರ ಹತ್ರ ಹೋದೆ, ವಯಸ್ಸಾದವರು. ಚಕ್ರ ಬಿಚ್ಚಿ, "ಬಾಮ್ಮ, ಇಲ್ಲಿ ನೋಡು" ಅಂತ ಕರೆದು ಟಾರ್ಚ್ ಬಿಟ್ಟು ಪ್ಯಾಡ್ ತೋರಿಸಿದ್ರು. ಹೊಸ ಪ್ಯಾಡನ್ನ ಪಕ್ಕಕ್ಕಿಟ್ರು. ಹೊಸದರ ಸವೆಯೋ ಪದರ ಹತ್ತು ಮಿಲಿಮೀಟರ್ ಹತ್ರ, ನಂದು ಮೂರಕ್ಕಿಂತ ಕಮ್ಮಿ. ಡಿಸ್ಕ್ ಮೇಲೆ ಬೆರಳು ಆಡಿಸಿ, "ಇದಕ್ಕೇನೂ ಆಗಿಲ್ಲ, ಇನ್ನೊಂದು ಸೆಟ್ ಪ್ಯಾಡ್ ತಡೆಯುತ್ತೆ" ಅಂದ್ರು. ಪ್ಯಾಡು ಲೇಬರು ಸೇರಿ 1,900ಕ್ಕೆ ಮುಗೀತು.

ಐದು ವರ್ಷದಿಂದ ಅಲ್ಲಿಗೇ ಹೋಗ್ತಿದ್ದೀನಿ. ಕರೆದು ತೋರಿಸೋರ ಹತ್ರ ಹೋಗಿ. "ಅಲ್ಲಿ ಕುರ್ಚಿ ಇದೆ, ಕೂತ್ಕೊಳ್ಳಿ" ಅಂತ ದೂರ ಕಳಿಸೋರನ್ನ ನಾನು ನಂಬಲ್ಲ.

ತಿಪಟೂರು_44

ಅಕ್ಕ, ಆ ವಿಳಾಸ ಖಾಸಗಿಯಾಗಿ ಕಳಿಸಿ, ದಯವಿಟ್ಟು.

ಮಧುಗಿರಿ_ಏಕಶಿಲೆ

ನಂಗೂ.

ಹಳೇಗಾಡಿ_ಪ್ರೇಮಿ

ನಮ್ಮ ಕಾಲದಲ್ಲಿ ಅಂಬಾಸಿಡರ್ ಬಾನೆಟ್ ಎತ್ತಿದ್ರೆ ಒಳಗೆ ಮನುಷ್ಯನೇ ಇಳಿದು ನಿಲ್ಲಬಹುದಿತ್ತು. ಪಾಯಿಂಟ್ ಉಜ್ಜು, ಕಾರ್ಬುರೇಟರ್ ಊದು, ಫ್ಯಾನ್ ಬೆಲ್ಟ್ ಹಾಕು, ಅಷ್ಟೇ. ಫ್ಯಾನು ಬೆಲ್ಟ್ ಮೇಲೆ ಓಡ್ತಿತ್ತು, ರಿಲೇ ಗಿಲೇ ಇರಲಿಲ್ಲ. ಮೇಸ್ತ್ರಿ ಏನು ಮಾಡ್ತಿದ್ದಾನೆ ಅಂತ ಪಕ್ಕದಲ್ಲಿ ನಿಂತವನಿಗೆ ಕಾಣ್ತಿತ್ತು, ಮೋಸ ಮಾಡೋಕೆ ಜಾಗವೇ ಇರಲಿಲ್ಲ. 2014ರಲ್ಲಿ ಆ ಗಾಡಿ ಮಾಡೋದೇ ನಿಲ್ಲಿಸಿಬಿಟ್ರು.

ಶಿರಾಗೇಟ್_ಹುಡುಗ

ಯಜಮಾನ್ರೇ, ಆ ಕಾಲದಲ್ಲೂ ಇಂಜಿನ್ ಸಿಲಿಂಡರ್ ಕೊರೆಯದೇನೇ ಬೋರ್ ಮಾಡಿದ್ದೀವಿ ಅಂತ ದುಡ್ಡು ಇಸ್ಕೊಂಡಿದ್ದ ಕಥೆ ನಮ್ಮ ತಾತ ಹೇಳ್ತಿದ್ರು. ಗಾಡಿ ಹಳೇದಾದ್ರೆ ಮನುಷ್ಯ ಒಳ್ಳೆಯವನಾಗ್ತಾನಾ?

ಹಳೇಗಾಡಿ_ಪ್ರೇಮಿ

ಅದೂ ಸರಿ. ನಿಮ್ಮ ತಾತ ಹೇಳಿದ್ದು ಇಲ್ಲ ಅನ್ನಲ್ಲ.

ಮೇಷ್ಟ್ರು_ಗುಬ್ಬಿ

ಒಂದು ಗೊಂದಲ ಬಗೆಹರಿಸಿ. ಈಗ ಎಲ್ಲಾ ಕಡೆ ಗಾಡಿ ದೋಷದ ಕೋಡ್ ಓದೋ ಸ್ಕ್ಯಾನರ್ ಹಾಕ್ತಾರಲ್ಲ, ಅದರಲ್ಲಿ ಬಂದಿದ್ದನ್ನ ನಂಬಬಹುದಾ? ನನ್ನ ಕಾರಿಗೆ ಇಂಜಿನ್ ಚಿಹ್ನೆಯ ಹಳದಿ ದೀಪ ಬಂದಿತ್ತು. ಸ್ಕ್ಯಾನರ್ ಹಾಕಿ "ಪಿ0300 ಅಂತ ಬಂದಿದೆ, ನಾಲ್ಕೂ ಇಗ್ನಿಷನ್ ಕಾಯಿಲ್ ಬದಲಾಯಿಸ್ಬೇಕು" ಅಂದ್ರು. ಯಂತ್ರವೇ ಹೇಳಿದ ಮೇಲೆ ನಾನೇನು ವಾದ ಮಾಡಲಿ? ಬದಲಾಯಿಸಿದೆ. ವಾರಕ್ಕೆ ಮತ್ತೆ ದೀಪ ಹತ್ತಿದೆ.

ಸ್ಪ್ಯಾನರ್_ಹಿಡಿದವನು

ಮೇಷ್ಟ್ರೇ, ಪಿ0300 ಅಂದ್ರೆ ಇಂಜಿನ್ ಮಿಸ್ ಹೊಡೀತಿದೆ, ಅಂದ್ರೆ ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ ಮಾತ್ರ. ಯಾಕೆ ಹೊಡೀತಿದೆ ಅಂತ ಯಂತ್ರ ಹೇಳಲ್ಲ. ಪ್ಲಗ್ ಸವೆದಿರಬಹುದು, ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ ಇರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಎಲ್ಲೋ ಪೈಪ್ ಬಿಟ್ಟು ಗಾಳಿ ಎಳೀತಿರಬಹುದು, ಪೆಟ್ರೋಲಲ್ಲಿ ನೀರಿರಬಹುದು. ಜ್ವರ ಅಳೆಯೋ ಕಡ್ಡಿ 102 ತೋರಿಸಿದ್ರೆ ಅದು ಮಲೇರಿಯಾನೋ ಟೈಫಾಯಿಡೋ ಅಂತ ಕಡ್ಡಿಗೆ ಗೊತ್ತಾ? ಇನ್ನೊಂದು ವಿಷಯ, ಆ 0300 ಅನ್ನೋದು ಯಾವುದೋ ಒಂದು ಸಿಲಿಂಡರ್ ಅಂತ ಹೇಳಲ್ಲ. ಮೊದಲನೇ ಸಿಲಿಂಡರ್ ಆದ್ರೆ 0301, ಎರಡನೇದಾದ್ರೆ 0302 ಬರುತ್ತೆ. ಒಂದೇ ಸಿಲಿಂಡರ್ ಮಿಸ್ ಆಗ್ತಿದ್ರೆ ಅದರ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ ನೋಡ್ತೀವಿ. ತೊಂದರೆ ಕಾಯಿಲ್ ಜೊತೆ ಜಾಗ ಬದಲಾಯಿಸಿದ್ರೆ ಅದೇ ಕಳ್ಳ. ಆ ಹುಡುಗ ರಿಲೇ ಅದಲುಬದಲು ಮಾಡಿ ನೋಡಿದ್ದೂ ಇದೇ ಉಪಾಯ. ಖರ್ಚಿಲ್ಲ, ಐದು ನಿಮಿಷದ ಕೆಲಸ.

ಈಗ ನಮ್ಮ ಕಡೆ ಕಷ್ಟವನ್ನೂ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೀಗೆ ಹುಡುಕೋದಕ್ಕೆ ಕೆಲವು ಸಲ ಎರಡು ಗಂಟೆ ಹಿಡಿಯುತ್ತೆ. ಸಿಕ್ಕಿದ್ದು 40 ರೂಪಾಯಿಯ ಫ್ಯೂಸ್. ನಾನು 500 ಕೇಳಿದ್ರೆ, "ಒಂದು ಫ್ಯೂಸಿಗೆ ಐನೂರಾ?" ಅಂತ ಜಗಳಕ್ಕೆ ಬರ್ತಾರೆ. ಅದೇ ನಾನು ಏನೂ ನೋಡದೆ ಫ್ಯಾನ್ ಮೋಟಾರೇ ಬದಲಾಯಿಸಿ ನಾಲ್ಕು ಸಾವಿರದ ಬಿಲ್ ಕೊಟ್ರೆ ತುಟಿ ಪಿಟಿಕ್ ಅನ್ನದೆ ಕೊಟ್ಟು ಹೋಗ್ತಾರೆ, ಯಾಕಂದ್ರೆ ಡಬ್ಬಿಲಿ ಹೊಸ ಸಾಮಾನು ಕಣ್ಣಿಗೆ ಕಾಣುತ್ತೆ. ನೋಡಿದ್ದಕ್ಕೆ ದುಡ್ಡು ಕೊಡಲ್ಲ, ಬದಲಾಯಿಸಿದ್ದಕ್ಕೆ ಕೊಡ್ತಾರೆ. ಹಂಗಾದ್ರೆ ಗ್ಯಾರೇಜಿನವರು ಏನು ಕಲೀತಾರೆ ಹೇಳಿ? ಮೋಸಗಾರರು ಇಲ್ಲ ಅಂತ ನಾನು ಅನ್ನಲ್ಲ, ಇದ್ದಾರೆ. ಆದ್ರೆ ನಿಯತ್ತಾಗಿರೋನು ಬಾಡಿಗೆ ಕಟ್ಟೋಕಾಗದೆ ಅಂಗಡಿ ಮುಚ್ಚಿದ್ದನ್ನೂ ನಾನು ಕಣ್ಣಾರೆ ನೋಡಿದ್ದೀನಿ.

ಕಲ್ಪತರು_06

ಕಮಿಷನ್ ವಿಷಯ ಯಾಕೆ ಹೇಳಲಿಲ್ಲ ಅಣ್ಣ? ಸ್ಪೇರ್ಸ್ ಅಂಗಡಿಯವರು ಮೆಕ್ಯಾನಿಕ್‌ಗೆ ಇಷ್ಟು ಅಂತ ಕೊಡ್ತಾರೆ. ಹಂಗಾಗಿ ಬೇಕೋ ಬೇಡವೋ ಸಾಮಾನು ಬದಲಾಗುತ್ತೆ.

ಸ್ಪ್ಯಾನರ್_ಹಿಡಿದವನು

ಕೊಡ್ತಾರೆ, ಮುಚ್ಚಿಡೋದೇನಿಲ್ಲ. ಎಂಆರ್‌ಪಿ ಮೇಲೆ ನಮಗೆ ಇಷ್ಟು ಅಂತ ಬಿಡ್ತಾರೆ. ಸಾಮಾನು ತರೋಕೆ ಹುಡುಗನ್ನ ಕಳಿಸ್ತೀನಿ, ಪೆಟ್ರೋಲ್ ಹಾಕ್ತೀನಿ, ತಪ್ಪು ಸಾಮಾನು ಬಂದ್ರೆ ವಾಪಸ್ ಕೊಡೋ ತಲೆನೋವು ನಂದು. ಅದಕ್ಕೆ ಆ ಅಂತರ ನ್ಯಾಯ ಅಂತ ನನ್ನ ಲೆಕ್ಕ. ಎಂಆರ್‌ಪಿಗಿಂತ ಜಾಸ್ತಿ ಇಸ್ಕೊಂಡ್ರೆ ಅದು ಅನ್ಯಾಯ. ಡೂಪ್ಲಿಕೇಟ್ ಹಾಕಿ ಒರಿಜಿನಲ್ ರೇಟ್ ಹಾಕಿದ್ರೆ ಅದು ಕಳ್ಳತನ.

ಅದಕ್ಕೇ ಡಬ್ಬಿ ಕೇಳಿ. ಒರಿಜಿನಲ್ ಸಾಮಾನಿನ ಡಬ್ಬಿ ಮೇಲೆ ಪಾರ್ಟ್ ನಂಬರ್, ತಯಾರಾದ ತಿಂಗಳು, ಎಂಆರ್‌ಪಿ ಎಲ್ಲಾ ಇರುತ್ತೆ. ಫೋಟೋ ತೆಗೆದಿಟ್ಕೊಳ್ಳಿ. ನಿಯತ್ತಿನವನು ಬೇಜಾರು ಮಾಡ್ಕೊಳ್ಳಲ್ಲ.

ತಿಪಟೂರು_44

ನಾನಂತೂ ಸಾಮಾನು ನಾನೇ ಆನ್‌ಲೈನ್‌ನಲ್ಲಿ ತರಿಸಿ ಕೊಡ್ತೀನಿ. ಲೇಬರ್ ಮಾತ್ರ ಕೊಡೋದು.

ಸ್ಪ್ಯಾನರ್_ಹಿಡಿದವನು

ತರ್ಸಿ, ಬೇಡ ಅನ್ನಲ್ಲ. ಆದ್ರೆ ಆ ಸಾಮಾನು ಕೈ ಕೊಟ್ರೆ ಗ್ಯಾರಂಟಿ ನನ್ನ ಕೇಳಬೇಡಿ. ಹೋದ ವರ್ಷ ಒಬ್ರು ಕ್ಲಚ್ ಸೆಟ್ ತರಿಸಿ ಕೊಟ್ರು. ಗೇರ್‌ಬಾಕ್ಸ್ ಇಳಿಸಿ ನೋಡಿದ್ರೆ ಪ್ಲೇಟಿನ ಹಲ್ಲು ಕೂರ್ತಿಲ್ಲ, ಬೇರೆ ಮಾಡೆಲಿಂದು. ಗಾಡಿ ನಾಲ್ಕು ದಿನ ಲಿಫ್ಟ್ ಮೇಲೇ ನಿಂತಿತ್ತು. ಬೇರೆ ಗಾಡಿ ಹಾಕೋಕೆ ಜಾಗ ಇಲ್ಲ.

ಮಧುಗಿರಿ_ಏಕಶಿಲೆ

ಗಾಡಿ ಬಿಸಿಯಾಗೋ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ನಮ್ಮ ಜಿಲ್ಲೆಲಿ ಅರ್ಧ ತೊಂದರೆ ನೀರಿಂದು. ಮಧುಗಿರಿ, ಪಾವಗಡ, ಶಿರಾ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಎಲ್ರಿಗೂ ಗೊತ್ತು. ಮನೇಲಿ ನೀರು ಕಾಯಿಸೋ ಪಾತ್ರೆ ತಳ ನೋಡಿ, ಬೆಳ್ಳಗೆ ಸುಣ್ಣ ಕಟ್ಟಿರುತ್ತೆ. ಅದೇ ನೀರನ್ನ ಬಾಟ್ಲಿಲಿ ತುಂಬಿ ರೇಡಿಯೇಟರಿಗೆ ಸುರೀತೀವಿ. ಒಳಗಿನ ಕೊಳವೆ ಜಡೆಪಿನ್ನಿನಷ್ಟು ಸಣ್ಣದು, ಅದರಲ್ಲೂ ಸುಣ್ಣ ಕಟ್ಟಲ್ವಾ? ನಮ್ಮ ಟ್ರ್ಯಾಕ್ಟರ್ ರೇಡಿಯೇಟರ್ ಬಿಚ್ಚಿದಾಗ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಆಗಿಂದ ಕೂಲೆಂಟಿಗೆ ಬೆರೆಸೋದು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಮಾತ್ರ.

ಸ್ಪ್ಯಾನರ್_ಹಿಡಿದವನು

ನೂರಕ್ಕೆ ನೂರು ನಿಜ. ಇದರ ಜೊತೆ ಇನ್ನೊಂದು ಸುಳಿವು. ಗಾಡಿ ಟ್ರಾಫಿಕ್ಕಲ್ಲಿ ಕಾದು, ಹೈವೇಲಿ ತಣ್ಣಗಾದ್ರೆ ಮೊದಲ ಅನುಮಾನ ಫ್ಯಾನ್ ಮೇಲೆ. ಓಡುವಾಗ ಗಾಳಿ ತಾನಾಗೇ ಬಡಿಯುತ್ತೆ, ಫ್ಯಾನ್ ಬೇಕಾಗಲ್ಲ. ಹೈವೇಲೇ ಕಾಯ್ತಿದ್ರೆ ರೇಡಿಯೇಟರ್ ಕಟ್ಟಿರೋದು, ಥರ್ಮೋಸ್ಟಾಟ್, ವಾಟರ್ ಪಂಪ್ ಕಡೆ ನೋಡ್ಬೇಕು. ಬಟವಾಡಿ ಸಾರ್ ಗಾಡಿ ಎರಡು ಸಲವೂ ಟ್ರಾಫಿಕ್ಕಲ್ಲೇ ಕಾದಿದೆ. "ಎಲ್ಲಿ ಕಾಯ್ತು" ಅಂತ ಒಂದು ಪ್ರಶ್ನೆ ಕೇಳಿದ್ರೆ ಸಾಕಿತ್ತು.

ಬಟವಾಡಿ_ನಿವಾಸಿ

ಅಣ್ಣ, ಅವರು ಅದನ್ನ ಕೇಳಲೇ ಇಲ್ಲ. ಆ ಎರಡು ಘಟನೆ ಮಧ್ಯೆ ಬೆಂಗಳೂರಿಗೆ ಎರಡು ಸಲ ಹೋಗಿ ಬಂದಿದ್ದೆ, ಎಪ್ಪತ್ತು ಕಿಲೋಮೀಟರ್, ಏನೂ ಆಗಿರಲಿಲ್ಲ. ಈಗ ಅರ್ಥ ಆಯ್ತು ಯಾಕೆ ಅಂತ.

ವಕೀಲ_ಕುಣಿಗಲ್

ದುಡ್ಡಿನ ವಿಷಯಕ್ಕೆ ಬರೋಣ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಅದು ಜಾರಿಗೆ ಬಂದಿದ್ದು 2020ರ ಜುಲೈ 20ರಿಂದ. ದುಡ್ಡು ತಗೊಂಡು ಸರಿಯಾಗಿ ಕೆಲಸ ಮಾಡದಿದ್ರೆ ಅದು ಸೇವಾ ನ್ಯೂನತೆ. ಬಿಲ್ ಕೊಡದಿರೋದೂ ಅನುಚಿತ ವ್ಯಾಪಾರ ಪದ್ಧತಿ ಅಂತ ಇದೇ ಕಾಯ್ದೆಲಿ ಸೇರಿಸಿದ್ದಾರೆ. ಬಿಳಿ ಚೀಟಿ ಅಂತ ಬಿಸಾಕಬೇಡಿ, ಜೋಪಾನ ಮಾಡಿ. ಫೋನಲ್ಲಿ ದುಡ್ಡು ಕಳಿಸಿದ್ರೆ ಅದರ ದಾಖಲೆ, ಆ ಎಲೆಕ್ಟ್ರಿಕಲ್ ಹುಡುಗನ ಹತ್ರ ಒಂದು ಬಿಲ್, ಸುಟ್ಟ ರಿಲೇ, ಎಲ್ಲಾ ಇಟ್ಕೊಳ್ಳಿ.

ಮೊದ್ಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೂ ಆಗದಿದ್ರೆ ತುಮಕೂರಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ. ವಕೀಲರನ್ನ ಇಟ್ಕೊಳ್ಳಲೇಬೇಕು ಅಂತಿಲ್ಲ, ನೀವೇ ನಿಂತು ವಾದಿಸಬಹುದು. ಎರಡು ವರ್ಷದ ಒಳಗೆ ಹಾಕ್ಬೇಕು, ಅಷ್ಟೇ.

ಆದ್ರೆ ಸ್ಪ್ಯಾನರ್ ಅವರು ಹೇಳಿದ್ದು ಕೇಸಿಗೂ ಮುಖ್ಯ. ಗ್ಯಾಸ್ಕೆಟ್ ನಿಜವಾಗ್ಲೂ ಹೋಗಿತ್ತು ಅಂತಾದ್ರೆ ಪೂರ್ತಿ 16,800 ಕೇಳೋದು ಕಷ್ಟ. ಮೊದ್ಲು ಹೋಗಿ ಮಾತಾಡಿ.

ಸಿದ್ಧರಬೆಟ್ಟ_ಚಾರಣಿಗ

ಇಷ್ಟೆಲ್ಲಾ ತಾಪತ್ರಯ ಯಾಕೆ, ಕಂಪನಿ ಸರ್ವೀಸಿಗೇ ಬಿಡಿ. ಬಿಲ್ ಇರುತ್ತೆ, ಗ್ಯಾರಂಟಿ ಇರುತ್ತೆ.

ಕಲ್ಪತರು_06

ಅಲ್ಲಿ ಮೋಸ ಇಲ್ಲ ಅಂತೀರಾ? ಆಯಿಲ್ ಬದಲಾಯಿಸೋಕೆ ಅಂತ ಬಿಟ್ರೆ ಇಂಜಿನ್ ಫ್ಲಶ್, ಎಸಿ ಕ್ಲೀನಿಂಗ್, ಥ್ರಾಟಲ್ ಕ್ಲೀನಿಂಗ್, ಬಾಡಿ ಕೋಟಿಂಗ್ ಅಂತ ಒಂದೊಂದೇ ಸೇರಿಸ್ತಾರೆ. ನಂಗೆ ಒಂದು ಸಲ 4,200 ಅಂದಿದ್ದು 11 ಸಾವಿರ ಆಗಿತ್ತು. ಬಿಲ್ ಇತ್ತು, ಹೌದು. ಅಂದವಾದ ಬಿಲ್.

ವಕೀಲ_ಕುಣಿಗಲ್

ವಾರಂಟಿ ಇರೋವರೆಗೂ ಕಂಪನಿಗೆ ಬಿಡೋದು ಜಾಣತನ, ಜಗಳಕ್ಕೆ ದಾರಿ ಆಗಲ್ಲ. ಆದ್ರೆ "ಹೊರಗೆ ಒಂದು ಬೋಲ್ಟ್ ಬಿಚ್ಚಿಸಿದ್ರೂ ವಾರಂಟಿ ಹೋಯ್ತು" ಅಂತ ಹೆದರಿಸ್ತಾರಲ್ಲ, ಅದರ ಬಗ್ಗೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಲ್ಲೇ ಮಾತಾಡಿದೆ. ಬಿಡಿಭಾಗಗಳನ್ನ ಹೊರಗಿನ ಗ್ಯಾರೇಜ್‌ಗಳಿಗೆ ಸಿಗದ ಹಾಗೆ ಹಿಡಿದಿಟ್ಟಿದ್ದಕ್ಕೆ 14 ಕಾರು ಕಂಪನಿಗಳಿಗೆ 2,544 ಕೋಟಿ ದಂಡ ಹಾಕ್ತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಹೇಳ್ತು. ಕಂಪನಿಗಳು ಮೇಲ್ಮನವಿಗೆ ಹೋದ್ವು, ಅದು ಬೇರೆ ಮಾತು.

ಬಟವಾಡಿ ಅವರ ಗಾಡಿ 2014ರದ್ದು, ಇದ್ಯಾವುದೂ ಅವರಿಗೆ ಬೇಕಾಗಲ್ಲ.

ಶಿರಾಗೇಟ್_ಹುಡುಗ

ಕ್ಯಾತ್ಸಂದ್ರದ ಅಕ್ಕ, ಗಾಡಿ ಕೊಟ್ಟು ಕಾಯೋವಾಗ ತಟ್ಟೆ ಇಡ್ಲಿ ತಿನ್ನೋಕೆ ನಿಮ್ಮ ಕಡೆ ಬರ್ತೀನಿ, ಬೆಳಗ್ಗೆ ಎಷ್ಟೊತ್ತಿಗೆ ಬಂದ್ರೆ ಬಿಸಿ ಸಿಗುತ್ತೆ?

ಕ್ಯಾತ್ಸಂದ್ರ_ಅಕ್ಕ

ಏಳು ಗಂಟೆಗೆ ಬಾ ತಮ್ಮ. ಭಾನುವಾರ ಮಾತ್ರ ಬೇಡ, ಬೆಂಗಳೂರಿಂದ ದೇವರಾಯನದುರ್ಗಕ್ಕೆ ಹೋಗೋ ಗಾಡಿಗಳೆಲ್ಲಾ ಅಲ್ಲೇ ನಿಂತಿರ್ತವೆ.

ಮೇಷ್ಟ್ರು_ಗುಬ್ಬಿ

ಸ್ಪ್ಯಾನರ್ ಅವರೇ, ನೀವು ಹೇಳಿದ ಹಾಗೆ ಬೇರೆ ಕಡೆ ತೋರಿಸಿದೆ. ಮೊದಲೇ "ನೋಡಿದ್ದಕ್ಕೆ 500 ಕೊಡ್ತೀನಿ, ಏನೂ ಬದಲಾಯಿಸದಿದ್ರೂ ಕೊಡ್ತೀನಿ" ಅಂದೆ. ಅವರು ಮುಖ ನೋಡಿದ್ರು, ಹಾಗೆ ಯಾರೂ ಹೇಳಿರಲಿಲ್ಲವಂತೆ. ಒಂದು ಗಂಟೆ ಹುಡುಕಿದ್ರು. ಏರ್ ಫಿಲ್ಟರ್ ಆಚೆ ಬದಿಗೆ ಒಂದು ರಬ್ಬರ್ ಪೈಪು, ಅಡಿ ಭಾಗದಲ್ಲಿ ಉಗುರುದ್ದ ಸೀಳಿತ್ತು. ಬೆರಳಿಂದ ಬಗ್ಗಿಸಿದ್ರೆ ಮಾತ್ರ ಕಾಣುತ್ತೆ. ಪೈಪಿಗೆ 220. ನಾಲ್ಕು ದಿನ ಆಯ್ತು, ದೀಪ ಬಂದಿಲ್ಲ. ನನ್ನ ನಾಲ್ಕು ಹಳೇ ಕಾಯಿಲ್ ಏನಾಯ್ತೋ ದೇವರೇ ಬಲ್ಲ, ಅವು ಚೆನ್ನಾಗೇ ಇದ್ದವು ಅನ್ಸುತ್ತೆ.

ಬಟವಾಡಿ_ನಿವಾಸಿ

ಎಲ್ರಿಗೂ ಒಂದು ಸುದ್ದಿ. ಇವತ್ತು ಬೆಳಗ್ಗೆ ಆ ಮೊದಲನೇ ಗ್ಯಾರೇಜಿಗೆ ಹೋಗಿದ್ದೆ. ಜಗಳ ಆಡಬಾರದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡೇ ಹೋದೆ. ಮೇಸ್ತ್ರಿ ಇರಲಿಲ್ಲ, ಕೆಲಸ ಕಲಿಯೋ ಹುಡುಗ ಇದ್ದ. ನನ್ನ ಹಳೇ ಗ್ಯಾಸ್ಕೆಟ್ ಇದ್ಯಾ ಅಂತ ಕೇಳಿದೆ. ಗೋಡೆಗೆ ಹೊಡೆದ ಮೊಳೆಲಿ ಹಳೇ ಗ್ಯಾಸ್ಕೆಟ್‌ಗಳ ಒಂದು ಸರ ನೇತಾಡ್ತಿತ್ತು. ಅದರಲ್ಲಿ ಹುಡುಕಿ ಒಂದು ತೆಗೆದುಕೊಟ್ಟ. ಮೂರು ದೊಡ್ಡ ತೂತಿನ ತಗಡು. ಎರಡನೇ ಮೂರನೇ ತೂತಿನ ಮಧ್ಯೆ ಕರೀ ಗೆರೆ, ಬೆಂಕಿ ನೆಕ್ಕಿದ ಹಾಗೆ. ಫೋನಲ್ಲಿ ಫೋಟೋ ತೆಗೆದು ಸ್ಪ್ಯಾನರ್ ಅಣ್ಣನಿಗೆ ಖಾಸಗಿಯಾಗಿ ಕಳಿಸಿದ್ದೀನಿ.

ಅಷ್ಟರಲ್ಲಿ ಮೇಸ್ತ್ರಿ ಬಂದ್ರು. ಸುಟ್ಟ ರಿಲೇ ಅವರ ಕೈಗೆ ಕೊಟ್ಟೆ. ಸುಮಾರು ಹೊತ್ತು ತಿರುಗಿಸಿ ತಿರುಗಿಸಿ ನೋಡಿದ್ರು. "ಫ್ಯಾನ್ ನಾನು ನೋಡ್ಬೇಕಾಗಿತ್ತು ಸಾರ್, ಅವತ್ತು ಮೂರು ಗಾಡಿ ಇತ್ತು" ಅಂದ್ರು. ಲೇಬರಲ್ಲಿ 3,000 ವಾಪಸ್ ಕೊಟ್ರು, ನಾನು ಕೇಳೋಕೆ ಮುಂಚೆ. ಕೂಲೆಂಟ್ ಮಟ್ಟ ನೋಡಿ, ಗುಳ್ಳೆ ಬರ್ತಿದ್ಯಾ ಅಂತ ಪರೀಕ್ಷೆ ಮಾಡಿ, ಎರಡನೇ ಸಲ ಕಾದಿದ್ದಕ್ಕೆ ಗ್ಯಾಸ್ಕೆಟ್ಟಿಗೆ ಏನೂ ಆಗಿಲ್ಲ ಅಂತ ನನ್ನ ಮುಂದೇನೇ ತೋರಿಸಿದ್ರು.

ಕಲ್ಪತರು_06

ಆ ಗ್ಯಾಸ್ಕೆಟ್ ನಿಮ್ಮದೇ ಅಂತ ಏನು ಗ್ಯಾರಂಟಿ? ಮೊಳೇಲಿ ಇಪ್ಪತ್ತು ನೇತಾಡ್ತಿರುತ್ತೆ, ಯಾವುದೋ ಒಂದು ಕೊಟ್ಟಿರಬಹುದು.

ಸ್ಪ್ಯಾನರ್_ಹಿಡಿದವನು

ಫೋಟೋ ನೋಡಿದೆ. ಮೂರು ಸಿಲಿಂಡರಿನದು, ಆ ಇಂಜಿನ್ನಿಗೆ ಕೂರೋ ಅಳತೆನೇ. ನಿಜವಾಗ್ಲೂ ಸುಟ್ಟುಹೋಗಿದೆ, ಅದರಲ್ಲಿ ಅನುಮಾನ ಇಲ್ಲ. ಅದು ಇವರದೇ ಗಾಡಿದಾ ಅಂತ ನಾನು ಆಣೆ ಮಾಡಿ ಹೇಳಲಾರೆ.

ಬಟವಾಡಿ_ನಿವಾಸಿ

ಕಲ್ಪತರು ಸಾರ್, ಅದನ್ನೇ ದಾರಿ ಉದ್ದಕ್ಕೂ ಯೋಚನೆ ಮಾಡ್ಕೊಂಡು ಬಂದೆ. ಹುಡುಗ ತಡಕಾಡಲಿಲ್ಲ, ನೇರ ಅದನ್ನೇ ತೆಗೆದ. ಕೇಳದೆ ದುಡ್ಡೂ ಬಂತು. ನಾನು ನಂಬಿದ್ದೀನಿ. 1915ಕ್ಕೆ ಫೋನ್ ಮಾಡಲ್ಲ. ಆದ್ರೆ ಮುಂದಿನ ಸರ್ವೀಸ್ ಅಲ್ಲಿ ಮಾಡಿಸ್ತೀನಾ ಅಂದ್ರೆ, ಇನ್ನೂ ಗೊತ್ತಿಲ್ಲ. ಅಕ್ಕ ಹೇಳಿದ ಗುಬ್ಬಿ ಗೇಟಿನವರ ಹತ್ರ ಒಂದು ಸಲ ಹೋಗಿ ನೋಡ್ತೀನಿ.

ತಿಪಟೂರು_44

ನನ್ನದೂ ವ್ಯಾಗನ್ ಆರೇ. ಆ ಫ್ಯಾನ್ ರಿಲೇ ಕೆಟ್ಟಿದ್ಯಾ ಅಂತ ನಾವೇ ಮನೇಲಿ ನೋಡ್ಕೋಬಹುದಾ?

ಸ್ಪ್ಯಾನರ್_ಹಿಡಿದವನು

ಸುಲಭ ಅಣ್ಣ. ಗಾಡಿ ಸ್ಟಾರ್ಟ್ ಮಾಡಿ ಎಸಿ ಪೂರ್ತಿ ಹಾಕಿ, ಬಾನೆಟ್ ಎತ್ತಿ ನೋಡಿ. ಸ್ವಲ್ಪ ಹೊತ್ತಿಗೆ ರೇಡಿಯೇಟರ್ ಫ್ಯಾನ್ ತಿರುಗಬೇಕು. ಕೈ, ಶರ್ಟಿನ ತುದಿ, ದುಪ್ಪಟ್ಟಾ ದೂರ ಇಟ್ಕೊಂಡಿರಿ, ಅದು ಹೇಳದೆ ಕೇಳದೆ ಹತ್ತುತ್ತೆ. ತಿರುಗದಿದ್ರೆ ಊರಾಚೆ ಹೋಗಬೇಡಿ. ಫ್ಯೂಸ್ ಡಬ್ಬಿ ಮುಚ್ಚಳದ ಒಳಮೈಲಿ ಯಾವ ರಿಲೇ ಎಲ್ಲಿ ಅಂತ ಚಿತ್ರ ಅಂಟಿಸಿರ್ತಾರೆ, ಅದರ ಫೋಟೋ ತೆಗೆದು ಕಳಿಸಿ, ಹೇಳ್ತೀನಿ.

ತಿಪಟೂರು_44

ತಿರುಗ್ತಿದೆ ಅಣ್ಣ. ಈಗಷ್ಟೇ ಹೋಗಿ ನೋಡಿ ಬಂದೆ.